ಏಪ್ರಿಲ್ ಹತ್ತು, ಜೂನ್ ಒಂದು

ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ ಒಂದಕ್ಕೆ. ಸರ್ಕಾರದ ಪ್ರಕಾರ ನಾನೂ ಅಂದೇ ಹುಟ್ಟಿದವನು. ಅವ್ವನ ಲೆಕ್ಕ ಬೇರೆ: ಎಳ್ಳಮಾಸಿ ಆಗಿ ಮೂರನೇ ದಿನ, ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವಾಗ ನೋವು ಕಾಣಿಸಿಕೊಂಡಿತಂತೆ. ಆದರೆ ಹೆಸರು ಹಚ್ಚಲು ಹೋದ ದಿನ ಹೆಡ್ ಮಾಸ್ತರು ನನ್ನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡಿದರು. ಬೆರಳ ತುದಿ ಮುಟ್ಟಿತು. 1-6-1963 ಎಂದು ಬರೆದರು. ಆ ತಾರೀಖಿನ ಮೇಲೆಯೇ ಓದಿದೆ, ನೌಕರಿ ಹಿಡಿದೆ, ಅದರ ಮೇಲೆಯೇ 2023ರ ಮೇ 31ಕ್ಕೆ ನಿವೃತ್ತನಾದೆ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನ ಮನೆಗೆ ಹೋಗಬೇಕು. ಹಾಗಾಗಿ ಪ್ರತಿ ವರ್ಷ ಮೇ 31ರ ಸಂಜೆ ರಾಜ್ಯದಲ್ಲಿ ಶಾಲು-ಹಾರಗಳಿಗೆ ಬರ ಬರುತ್ತದೆ. ನನ್ನಂಥ ಎಳ್ಳಮಾಸಿಯ ಕೂಸುಗಳೆಲ್ಲ ಅಂದೇ ಒಟ್ಟಿಗೆ ಮುದುಕರಾಗುತ್ತೇವೆ.

ಮಾಸ್ತರನಾದ ಮೇಲೆ ನಾನೂ ಎಷ್ಟೋ ಮಕ್ಕಳಿಗೆ ಅದೇ ತಾರೀಖು ಬರೆದೆ. ತಂದೆ ತಾಯಿ "ಮಳಿ ಬಾಳ ಆಗಿತ್ತಲ್ರಿ, ಆ ವರ್ಷ" ಎನ್ನುವರು. ಆ ಮಳೆಯನ್ನು ಹಿಡಿದು ತಾರೀಖು ಮಾಡಬೇಕು. ಬೇಸರ ಬಂದು ಜೂನ್ ಒಂದು ಬರೆದರೆ ಎಲ್ಲರಿಗೂ ಸಮಾಧಾನ. ಆಗ ಅದೊಂದು ಸಣ್ಣ ಉಪಕಾರ ಎಂದೇ ನಂಬಿದ್ದೆ.

ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಮರುವರ್ಷ ನನಗೆ ಮುಂಡರಗಿ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ವರ್ಗವಾಯಿತು. ಕಪ್ಪತಗುಡ್ಡದ ಸೆರಗಿನ ಊರು. ಈಗ ಗುಡ್ಡದ ಬೆನ್ನ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತವೆ. ಆಗ ಬರೀ ಬೋಳು ಗುಡ್ಡ, ಕೆಳಗೆ ಎರೆ ಹೊಲ, ಕಡಲೆ, ಉಳ್ಳಾಗಡ್ಡಿ, ಜೋಳ. ಆಚೆ ಎರಡು ಲಂಬಾಣಿ ತಾಂಡಾ. ನಮ್ಮ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಹೈಸ್ಕೂಲು ಆರು ಕಿಲೋಮೀಟರ್ ದೂರ. ನಡುವೆ ಒಂದು ಹಳ್ಳ, ಒಂದು ಜಾಲಿ ಕಂಟಿಯ ಕಾಡು, ದಿನಕ್ಕೆ ಮೂರು ಸಲ ಬರುವ ಬಸ್ಸು. ಮಕ್ಕಳನ್ನು ಕಂಡರೆ ಕೆಲವು ಡ್ರೈವರುಗಳ ಕಾಲು ಬ್ರೇಕಿನ ಬದಲು ಇನ್ನೊಂದರ ಮೇಲೆ ಬೀಳುತ್ತಿತ್ತು.

ಊರ ಹಿರಿಯರು ಏಳನೆಯದಕ್ಕೆ ಇನ್ನೂ ಮುಲ್ಕಿ ಅನ್ನುತ್ತಿದ್ದರು. "ನಮ್ಮ ಕಾಲಕ್ಕ ಮುಲ್ಕಿ ಆದಂವ ಮಾಸ್ತರಕಿ ಮಾಡತಿದ್ದ" ಎಂದು ಕಟ್ಟೆಯ ಮೇಲೆ ಕೂತು ನನಗೇ ಹೇಳುವರು, ನಾನು ಅಷ್ಟೆಲ್ಲ ಓದಿ ಮಾಡುತ್ತಿರುವುದೂ ಅದೇ ಅಲ್ಲವೇ ಎಂಬಂತೆ. ಈ ಮುಲ್ಕಿಯ ನೆನಪಿಗೆ ಒಂದು ಕೆಟ್ಟ ಗುಣವಿತ್ತು. ಏಳು ಅಂದರೆ ಅಲ್ಲಿಗೆ ಓದು ಮುಗಿಯಿತು ಎಂಬ ಭಾವ ಊರಿನ ರಕ್ತದಲ್ಲೇ ಕೂತಿತ್ತು. ಏಳು ಮುಗಿಸಿದ ಹುಡುಗನನ್ನು ಬಣ್ಣದ ಅಂಗಿ ಹೊಲಿಸಿ ಫೋಟೋ ತೆಗೆಸಲು ಕರೆದೊಯ್ಯುತ್ತಿದ್ದರು. ಹುಡುಗಿಯಾದರೆ ಸೀರೆ ಉಡಿಸಿ.

ನಮ್ಮ ಇಲಾಖೆಯಲ್ಲಿ ವರ್ಷ ಅಳೆಯುವುದು ಏಪ್ರಿಲ್ ಹತ್ತರಿಂದ. ಅಂದು ಫಲಿತಾಂಶ. ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬರುವರು, ಪಾಸಾದವರು ಪೇಡೆ ಇಲ್ಲವೇ ಪೆಪ್ಪರಮಿಂಟು ಹಂಚುವರು, ಹತ್ತೂವರೆಗೆ ಅಂಗಳ ಖಾಲಿ. ಜೂನ್ ಒಂದರ ಸುಮಾರಿಗೆ ಮತ್ತೆ ಗಂಟೆ. ನಡುವೆ ಸುಮಾರು 52 ದಿನ. ಒಂದರಿಂದ ಆರರವರೆಗಿನ ಮಕ್ಕಳಿಗೆ ಅದು ರಜೆ. ಏಳನೆಯವರಿಗೆ ಹಾಗಲ್ಲ. ಆ 52 ದಿನ ಅವರು ಯಾವ ಶಾಲೆಗೂ ಸೇರಿದವರಲ್ಲ. ನಮ್ಮ ಹಾಜರಿಯಿಂದ ಹೆಸರು ಹೋಗಿದೆ, ಹೈಸ್ಕೂಲಿನ ಹಾಜರಿಗೆ ಬಂದಿಲ್ಲ. ಇದು ನನಗೆ ತಿಳಿಯಲು ಏಳು ವರ್ಷ ಬೇಕಾಯಿತು. ಯಾಕೆಂದರೆ ಆ ದಿನಗಳಲ್ಲಿ ನಾನೂ ರಜೆಯಲ್ಲೇ ಇರುತ್ತಿದ್ದೆ.

ಮೊದಮೊದಲು ಹೈಸ್ಕೂಲಿಗೆ ತಯಾರಿ ಎಂದರೆ ಪಾಠ ಎಂದುಕೊಂಡಿದ್ದೆ. ಕಾರಣವಿತ್ತು. ಹೈಸ್ಕೂಲಿನ ಮಾಸ್ತರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ "ನಿಮ್ಮ ಹುಡುಗರಿಗೆ ಭಾಗಾಕಾರ ಬರೂದಿಲ್ಲ ನೋಡ್ರಿ" ಎನ್ನುತ್ತಿದ್ದರು. ಕಾಲೇಜಿನವರು ಹೈಸ್ಕೂಲಿನವರನ್ನು ಬೈಯುತ್ತಾರೆ, ಹೈಸ್ಕೂಲಿನವರು ನಮ್ಮನ್ನು, ನಾವು ಅಂಗನವಾಡಿಯನ್ನು. ಅಂಗನವಾಡಿಯಕ್ಕ ಯಾರನ್ನು ಬೈಯಬೇಕೋ ತಿಳಿಯದೆ ಹಿಟ್ಟು ಹಂಚುತ್ತಾಳೆ. ಅವಮಾನಕ್ಕೆ ಜನವರಿಯಿಂದ ಬೆಳಗಿನ ಕ್ಲಾಸು ಶುರು ಮಾಡಿದೆ. ಆಗ ಇಂಗ್ಲಿಷು ಐದನೆಯದರಿಂದ, ಹಿಂದಿ ಆರನೆಯದರಿಂದ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ಹೀಗಾಗಿ ಕನ್ನಡವೇ ಕಲಿತ ಭಾಷೆ, ಇಂಗ್ಲಿಷು ಮೂರನೆಯದು, ಹಿಂದಿ ನಾಲ್ಕನೆಯದು. ನಾಲ್ಕು ಭಾಷೆ ಹೊತ್ತ ಆ ಮಕ್ಕಳನ್ನು ದಡ್ಡರು ಎನ್ನುತ್ತಿದ್ದೆವು, ಎರಡೇ ಭಾಷೆ ನೆಟ್ಟಗೆ ಬರುವ ನಾವು.

ಗಣಿತದಲ್ಲಿ ಮಾತ್ರ ಒಂದು ದಾರಿ ಸಿಕ್ಕಿತು. ಋಣ ಸಂಖ್ಯೆ ಎಂದರೆ ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಸೊನ್ನೆಗಿಂತ ಕಡಿಮೆ ಹೇಗಿರುತ್ತದೆ? ಒಂದು ದಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇಸಿದುಕೊಂಡು ಬಂದೆ, ಹೆಸರುಗಳ ಮೇಲೆ ಕಾಗದ ಹಚ್ಚಿ. "ಇವರ ಕಡೆ ರೊಕ್ಕ ಇಲ್ಲ. ಐವತ್ತು ರೂಪಾಯಿ ಸಾಮಾನು ಒಯ್ದರು. ಈಗ ಅವರ ಕಡೆ ಎಷ್ಟೈತಿ?" ಹಿಂದಿನ ಸಾಲಿನಿಂದ ಒಬ್ಬ, "ಏನೂ ಇಲ್ಲದ್ದಕ್ಕಿಂತ ಐವತ್ತು ಕಡಿಮಿ ಐತ್ರಿ" ಎಂದ. ಅಲ್ಲಿಂದ ಮುಂದೆ ಪಾಠ ನಾನು ಮಾಡಲಿಲ್ಲ, ಅವರೇ ಮಾಡಿದರು. ಉದ್ರಿ ತೀರಿಸಿದರೆ ಕೂಡುವುದು, ಮತ್ತೆ ಒಯ್ದರೆ ಕಳೆಯುವುದು. ಋಣವನ್ನು ಋಣದಿಂದ ಕಳೆಯುವುದು ಎಂದರೆ ಸಾಹುಕಾರ ಸಾಲ ಮನ್ನಾ ಮಾಡಿದ ಹಾಗೆ. ಅದು ಲೆಕ್ಕದಲ್ಲಷ್ಟೇ ಆಗುತ್ತದೆ ಎಂದು ಒಬ್ಬಳು ಹೇಳಿದಾಗ ಕ್ಲಾಸೆಲ್ಲ ನಕ್ಕಿತು.

ಹಾಗೆ ಹೇಳಿದವಳ ಬಗ್ಗೆ ಬರೆಯಬೇಕು.

ಅವಳು 2005ರ ಬ್ಯಾಚು. ಲೆಕ್ಕದಲ್ಲಿ ಅಷ್ಟು ಚುರುಕಾದ ಮಗು ಆ ಮೇಲೆ ನನಗೆ ಸಿಕ್ಕಿಲ್ಲ. ಉಳ್ಳಾಗಡ್ಡಿ ಚೀಲದ ತೂಕ, ಹಮಾಲಿ, ದಲಾಲಿ ಎಲ್ಲ ಕಳೆದು ಅಪ್ಪನ ಕೈಗೆ ಎಷ್ಟು ಬರಬೇಕೆಂದು ನಿಂತ ಕಾಲಲ್ಲಿ ಹೇಳುತ್ತಿದ್ದಳು. ಏಪ್ರಿಲ್ ಹತ್ತಕ್ಕೆ ಮೊದಲ ಸ್ಥಾನ. ಎರಡು ದಿನ ಬಿಟ್ಟು ತಂದೆ ಬಂದ. "ಟೀಸಿ ಕೊಡ್ರಿ ಸರ." ಯಾವ ಸಾಲಿಗೆ ಎಂದೆ. "ನೋಡಬೇಕ್ರಿ, ಮುಂಡರಗಿಗೆ ಹಚ್ಚೂದೋ ಏನೋ." ನನಗೆ ಖುಷಿ. ತಾಲೂಕಿನ ಹೈಸ್ಕೂಲಿಗೇ ಹಚ್ಚುತ್ತಾನೆ ಎಂದುಕೊಂಡು ಅಲ್ಲೇ ಪುಸ್ತಕ ತೆಗೆದು ನೀಲಿ ಶಾಯಿಯಲ್ಲಿ ಬರೆದೆ. ವರ್ಗಾವಣೆ ಪ್ರಮಾಣ ಪತ್ರದಲ್ಲಿ ಶಾಲೆ ಬಿಡಲು ಕಾರಣ ಎಂಬ ಒಂದು ಸಾಲು ಇರುತ್ತದೆ. ಅಲ್ಲಿ "ಮುಂದಿನ ಅಭ್ಯಾಸಕ್ಕಾಗಿ" ಎಂದು ಬರೆದೆ. ಎಲ್ಲರಿಗೂ ಅದನ್ನೇ ಬರೆಯುತ್ತಿದ್ದೆವು, ಕಣ್ಣು ಮುಚ್ಚಿ. ಸಹಿ, ಸಿಕ್ಕಾ. ಅವನು ಕೈ ಮುಗಿದು ಹೋದ. ನಾನು ರಜೆಗೆ ನನ್ನೂರಿಗೆ ಹೋದೆ.

ಬಸವ ಜಯಂತಿ ಮತ್ತು ಅಕ್ಷಯ ತದಿಗೆ ಒಂದೇ ದಿನ ಬೀಳುತ್ತವೆ, ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ. ನಮ್ಮ ಕಡೆ ಆ ದಿನ ಮುಹೂರ್ತ ನೋಡುವ ಪದ್ಧತಿಯೇ ಇಲ್ಲ. ಇಡೀ ದಿನವೇ ಮುಹೂರ್ತ. ಬಸವಣ್ಣನವರ ಅನುಯಾಯಿಗಳೆಂದು ಹೇಳಿಕೊಳ್ಳುವ ನಾವು ಅವರ ಜಯಂತಿಯ ದಿನವೇ ಸಾಮೂಹಿಕ ಪೆಂಡಾಲು ಹಾಕಿ ಹದಿಮೂರರ ಹುಡುಗಿಯರಿಗೆ ಅಕ್ಷತೆ ಹಾಕಿದ್ದೇವೆ. ಜೂನ್‌ನಲ್ಲಿ ನಾನು ತಿರುಗಿ ಬಂದಾಗ ಅವಳು ನೀರಿನ ಕೊಡ ಹೊತ್ತು ಶಾಲೆಯ ಮುಂದೆ ಹೋದಳು. ಕೊರಳಲ್ಲಿ ಹೊಸ ತಾಳಿ. ನನ್ನನ್ನು ಕಂಡು ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ಸೋದರಮಾವನಿಗೇ ಕೊಟ್ಟಿದ್ದರು, ಊರಲ್ಲೇ. ಹಾಗಾಗಿ ಅದು ಒಂದು ದಿನದ ನೋಟವಾಗಿ ಉಳಿಯಲಿಲ್ಲ. ದಿನಾ ಎರಡು ಕೊಡ, ಬೆಳಿಗ್ಗೆ ಸಂಜೆ.

ತಂದೆಗೆ ಟೀಸಿ ಯಾಕೆ ಬೇಕಿತ್ತು? ಕೇಳಿದೆ. ಅವನೇನೂ ಮೋಸಗಾರನಲ್ಲ. "ಮನ್ಯಾಗ ಇರಲಿ ಅಂತರಿ. ನಾಳೆ ಅಂಗನವಾಡಿ ಕೆಲಸಕ್ಕ ಬೇಕಾಗ್ತದಂತ." ಟೀಸಿ ಎಂದರೆ ಅವನಿಗೆ ಓದು ಮುಗಿದ ರಸೀದಿ. ನನಗೆ ಅದು ಮುಂದಿನ ಬಾಗಿಲಿನ ಚೀಟಿ. ಅದೇ ಒಂದು ಹಾಳೆ.

ಆ ವರ್ಷದಿಂದ ನಾನು ಟೀಸಿಯನ್ನು ಪಾಲಕರ ಕೈಗೆ ಕೊಡುವುದು ಬಿಟ್ಟೆ. ಏಪ್ರಿಲ್ ಹತ್ತಕ್ಕೆ ಎಲ್ಲರ ಟೀಸಿ ಬರೆದು, ದಾರ ಕಟ್ಟಿ, ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟು ಸ್ವೀಕೃತಿ ತರುತ್ತಿದ್ದೆ. ಮುಂದೆ ಇಲಾಖೆಯೂ ಅದನ್ನೇ ಹೇಳತೊಡಗಿತು. ನನಗೆ ಬೇಕಾದವರು ಕೆಲವರು ಇದಕ್ಕೆ ಜಗಳ ಆಡಿದರು. ನನ್ನ ಮಗನ ಕಾಗದ ಒಯ್ಯಲು ನೀನ್ಯಾರು ಎಂದರು. ಹೌದು, ನಾನ್ಯಾರು? ಅದಕ್ಕೆ ಸರಿಯಾದ ಉತ್ತರ ನನ್ನ ಬಳಿ ಆಗಲೂ ಇರಲಿಲ್ಲ. ಯಾರು ಜೋರು ಮಾಡಿದರೋ ಅವರಿಗೆ ಕೊಟ್ಟೆ.

ಕಾಗದ ತಲುಪಿದರೂ ಮಗು ತಲುಪುವುದಿಲ್ಲ ಎಂಬುದು ಮರುವರ್ಷದ ಪಾಠ. ಜೂನ್‌ನಲ್ಲಿ ಹೈಸ್ಕೂಲಿಗೆ ಹೋಗಿ ಹಾಜರಿ ನೋಡಿದರೆ ಹೆಸರುಗಳಿವೆ, ಮುಂದೆ ಸೊನ್ನೆಗಳಿವೆ. ಮನೆಮನೆಗೆ ಹೋದೆ. ಒಬ್ಬ ಹುಡುಗ ತಲೆ ತಗ್ಗಿಸಿ ಹೇಳಿದ: "ಅಲ್ಲಿ ಊಟ ಇಲ್ರಿ ಸರ." ನನಗೆ ಹೊಳೆದೇ ಇರಲಿಲ್ಲ. ಬಿಸಿಯೂಟ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲು 2002ರಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂದಿತ್ತು. ಆದರೆ ಆಗಿನ್ನೂ ಏಳನೆಯವರೆಗೆ ಮಾತ್ರ. ಹೈಸ್ಕೂಲಿಗೆ ಬಂದದ್ದು 2007ರಲ್ಲಿ. ನಡುವಿನ ಆ ವರ್ಷಗಳಲ್ಲಿ, ಏಳು ಪಾಸಾದ ಮಗುವಿಗೆ ನಾವು ಕೊಟ್ಟ ಬಹುಮಾನವೆಂದರೆ ಮಧ್ಯಾಹ್ನದ ಅನ್ನ ನಿಲ್ಲಿಸಿದ್ದು, ಮೇಲೆ ಹನ್ನೆರಡು ಕಿಲೋಮೀಟರ್ ನಡಿಗೆ. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋಗುವ ತಾಯಿ ರೊಟ್ಟಿ ಯಾವಾಗ ಬಡಿದಾಳು? ಪಾಠ, ಪರೀಕ್ಷೆ, ಮೌಲ್ಯಮಾಪನ ಎಂದು ನಾವು ಮೀಟಿಂಗುಗಳಲ್ಲಿ ಹೊಡೆದಾಡುವಾಗ ಒಬ್ಬ ಹುಡುಗ ಎಂಟನೇ ತರಗತಿಯನ್ನು ಒಂದು ತಟ್ಟೆ ಅನ್ನದ ಮೇಲೆ ತೂಗಿ ಬಿಟ್ಟಿದ್ದ.

ಸೈಕಲ್ಲು ಬಂದದ್ದೂ ಅದೇ ಹೊತ್ತಿಗೆ. 2006-07ರಿಂದ ಎಂಟನೆಯವರಿಗೆ ಸರ್ಕಾರದ ಸೈಕಲ್ಲು, ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಹುಡುಗರಿಗೂ. ಅದರ ಬಗ್ಗೆ ಪತ್ರಿಕೆಗಳಲ್ಲಿ ಏನೇನೋ ಬಂತು, ಚೈನು ಬೀಳುತ್ತದೆ, ಬ್ರೇಕು ಹಿಡಿಯುವುದಿಲ್ಲ, ಅಪ್ಪಂದಿರು ಮಾರಿಕೊಳ್ಳುತ್ತಾರೆ ಅಂತ. ಎಲ್ಲವೂ ನಿಜವೇ. ಆದರೂ ಒಂದು ಮುಂಜಾನೆ ಒಂಬತ್ತು ಹುಡುಗಿಯರು ಸಾಲಾಗಿ ಹಳ್ಳದ ಇಳಿಜಾರು ಇಳಿದದ್ದನ್ನು ನಾನು ಶಾಲೆಯ ಕಟ್ಟೆಯ ಮೇಲೆ ನಿಂತು ನೋಡಿದ್ದೇನೆ. ಒಬ್ಬಳಿಗೂ ಬ್ರೇಕು ಹಿಡಿಯಲು ಬರುತ್ತಿರಲಿಲ್ಲ. ಚಪ್ಪಲಿ ಉಜ್ಜಿ ನಿಲ್ಲಿಸುತ್ತಿದ್ದರು. ಏಳನೆಯವರಿಗೆ ಎಂಟನೆಯದು ಎಂದರೆ ಈಗ ಒಂದು ವಸ್ತು, ಎರಡು ಗಾಲಿಯದು. ಬೀಜಗಣಿತದ ಆಸೆ ಹುಟ್ಟಿಸಲು ನನ್ನಿಂದ ಆಗದ್ದನ್ನು ಆ ಗಾಲಿಗಳು ಮಾಡಿದವು. ಕೊರೊನಾ ಬಂದ ಮೇಲೆ ಆ ಯೋಜನೆ ನಿಂತುಹೋಯಿತು. ಮಕ್ಕಳು ಇನ್ನೂ ಕೇಳುತ್ತಾರೆ: "ನಮಗ್ಯಾಕಿಲ್ರಿ?"

ನಾನು ಮಾಡಿದ ಕೆಲಸಗಳಲ್ಲಿ ಒಂದೇ ಒಂದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಬಲ್ಲೆ: ಫೆಬ್ರುವರಿಯ ನಡಿಗೆ. ಪ್ರತಿ ವರ್ಷ ಒಂದು ಶನಿವಾರ ಏಳನೆಯವರನ್ನು ಕಟ್ಟಿಕೊಂಡು ಹೈಸ್ಕೂಲಿಗೆ ನಡೆದು ಹೋಗುವುದು. ದಾರಿಯಲ್ಲಿ ಹಳ್ಳದ ನೀರು ಯಾವ ಮಳೆಗೆ ಎಲ್ಲಿಗೆ ಬರುತ್ತದೆ, ಯಾರ ತೋಟದ ನಾಯಿ ಕಚ್ಚುತ್ತದೆ, ದಾಹವಾದರೆ ಯಾರ ಪಂಪ್‌ಸೆಟ್ಟು. ಅಲ್ಲಿ ಹೋಗಿ ಮಾಡುವುದೇನೂ ಇಲ್ಲ. ಎಂಟನೆಯ ಕ್ಲಾಸಿನ ಹಿಂದೆ ಕೂರುವುದು, ಗಂಟೆ ಹೊಡೆದರೆ ಮಾಸ್ತರು ಬದಲಾಗುವುದನ್ನು ನೋಡುವುದು. ಏಳು ವರ್ಷ ಇಡೀ ದಿನ ಒಬ್ಬರೋ ಇಬ್ಬರೋ ಶಿಕ್ಷಕರ ಮುಖ ನೋಡಿದ ಮಕ್ಕಳಿಗೆ ಇದು ದೊಡ್ಡ ಸಂಗತಿ. "ಗಣಿತದ ಸರ ಸಿಟ್ಟಾದರ ವಿಜ್ಞಾನದ ಟೀಚರ್ ಹತ್ರ ಹೇಳಬಹುದೇನ್ರಿ?" ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಒಬ್ಬ ಸಿಟ್ಟಾದರೆ ವರ್ಷವೇ ಹಾಳು.

ಹುಡುಗಿಯರು ನೋಡುವುದು ಬೇರೆ. ಅವರು ಗುಂಪಾಗಿ ಶೌಚಾಲಯದ ಕಡೆ ಹೋಗಿ, ಚಿಲಕ ಇದೆಯೇ, ನೀರು ಇದೆಯೇ ನೋಡಿಕೊಂಡು ಬರುತ್ತಿದ್ದರು. ವಾಪಸು ಬರುವ ದಾರಿಯಲ್ಲಿ ಅವರ ಮುಖ ನೋಡಿಯೇ ನನಗೆ ಗೊತ್ತಾಗುತ್ತಿತ್ತು. ಚಿಲಕ ಇಲ್ಲದ ವರ್ಷ ನಾನು ಮುಖ್ಯೋಪಾಧ್ಯಾಯರ ಹತ್ತಿರ ಚಿಲಕದ ಮಾತೆತ್ತಿದೆ. ಅವರು ನಗುತ್ತ, "ಪ್ರೈಮರಿ ಮಾಸ್ತರ ಇನ್ಸ್‌ಪೆಕ್ಷನ್ನಿಗೆ ಬಂದಾರ" ಎಂದರು. ಆದರೆ ಹಾಕಿಸಿದರು.

ಕಾಗದದ ಕೆಲಸ ಬರೆಯಲು ಬೇಸರ, ಮಾಡಲು ಇನ್ನೂ ಬೇಸರ, ಆದರೆ ಎಷ್ಟೋ ಮಕ್ಕಳು ಮುಗ್ಗರಿಸುವುದು ಅಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರು, ಹುಟ್ಟಿದ ದಿನ ಸಾಯುವವರೆಗೂ ಬೆನ್ನು ಬಿಡುವುದಿಲ್ಲ. ತಿದ್ದುವುದಿದ್ದರೆ ಅದಕ್ಕೂ ಮೊದಲೇ ತಿದ್ದಬೇಕು. ನಮ್ಮ ತಾಂಡಾದಲ್ಲಿ ಅಣ್ಣ ರಾಠೋಡ, ತಮ್ಮ ಲಮಾಣಿ, ತಂಗಿಗೆ ಅಡ್ಡಹೆಸರೇ ಇಲ್ಲ. ಹೆಸರು ಹಚ್ಚಿದ ಮಾಸ್ತರು ಬೇರೆಬೇರೆಯಾದ್ದರಿಂದ ಒಂದೇ ತಾಯಿಯ ಮಕ್ಕಳು ಬೇರೆಬೇರೆ ಮನೆತನದವರಾಗಿದ್ದರು. ಒಬ್ಬ ಹುಡುಗಿ ಹಾಜರಿಯಲ್ಲಿ ಲಕ್ಷ್ಮವ್ವ, ರೇಶನ್ ಕಾರ್ಡಿನಲ್ಲಿ ಲಕ್ಷ್ಮೀಬಾಯಿ, ಮುಂದೆ ಆಧಾರ್ ಬಂದಾಗ ಬರೀ ಲಕ್ಷ್ಮಿ. ಮೂರು ಲಕ್ಷ್ಮಿಯರಿದ್ದೂ ಬ್ಯಾಂಕಿನಲ್ಲಿ ಒಂದು ಖಾತೆ ತೆರೆಯಲಾಗಲಿಲ್ಲ. ಹಾಸ್ಟೆಲ್ಲಿಗೆ, ವಿದ್ಯಾರ್ಥಿವೇತನಕ್ಕೆ ಜಾತಿ ಆದಾಯ ಪ್ರಮಾಣ ಪತ್ರ ಬೇಕು, ಅದರ ಮೇಲಿನ ಆರ್‌ಡಿ ನಂಬರ್ ಬೇಕು. ಜೂನ್‌ನಲ್ಲಿ ನಾಡಕಚೇರಿಯ ಮುಂದೆ ಸರದಿ ರಸ್ತೆಗೆ ಬರುತ್ತದೆ, ಸರ್ವರ್ ಮಲಗುತ್ತದೆ. ಅದಕ್ಕೆ ಡಿಸೆಂಬರಿನಲ್ಲೇ ಏಳನೆಯವರ ಅರ್ಜಿ ಹಾಕಿಸುತ್ತಿದ್ದೆ. ನನ್ನ ಕಪಾಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಕವರು. ಸಹೋದ್ಯೋಗಿಗಳು ನನಗೆ ಏಜೆಂಟ ಎಂದು ಹೆಸರಿಟ್ಟರು.

ಆ ಹೊತ್ತಿಗೆ ನನಗೆ ಜೂನ್ ಒಂದರ ಮೇಲೆ ಸಿಟ್ಟು ಬರತೊಡಗಿತ್ತು. ಒಂದನೆಯದಕ್ಕೆ ಹೆಸರು ಹಚ್ಚಲು ಬಂದವರಿಂದ ಜನನ ಪ್ರಮಾಣ ಪತ್ರ ಕೇಳಿ ಕೇಳಿ ತರಿಸುತ್ತಿದ್ದೆ. ನಾನೇ ಹಿಂದೆ ಬರೆದ ಸುಳ್ಳು ತಾರೀಖುಗಳು ಮಾತ್ರ ಏಳನೆಯದರಲ್ಲಿ ಎದುರಿಗೆ ಬಂದು ಕೂರುತ್ತಿದ್ದವು.

ಇನ್ನೊಂದು ತಪ್ಪೂ ನನ್ನದೇ. ಏಳನೆಯ ಅಂಕಗಳಿಗೆ ಯಾವ ಬೆಲೆಯೂ ಇಲ್ಲ ಎಂದು ನಾನು ತಿಳಿದಿದ್ದೆ. ಪಬ್ಲಿಕ್ ಪರೀಕ್ಷೆ ನಿಂತ ಮೇಲೆ ಅದನ್ನು ಯಾರು ಕೇಳುತ್ತಾರೆ? ಹೀಗಾಗಿ ಬಿಗಿಯಾಗಿ ಅಂಕ ಹಾಕುವುದೇ ಶಿಸ್ತು ಎಂಬ ಜಂಬ. ಕುರಿಗಾರರ ಹುಡುಗನೊಬ್ಬನಿಗೆ ಒಟ್ಟಾರೆ ನೂರಕ್ಕೆ 54 ಬಂದಿತ್ತು. ಹೈಸ್ಕೂಲಿಗೆ ಹೋದ ಮೇಲೆ ಅವನು ಎನ್‌ಎಂಎಂಎಸ್ ಪರೀಕ್ಷೆಗೆ ಹೆಸರು ಕೊಡಲು ಹೋದ. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿದ್ಯಾರ್ಥಿವೇತನ ಅದು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೆಯವರಿಗೆ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ತಿಂಗಳಿಗೆ 500 ರೂಪಾಯಿ, 2017ರಿಂದ 1,000. ಅದಕ್ಕೆ ಕೂರಲು ಏಳನೆಯದರಲ್ಲಿ ಕನಿಷ್ಠ 55 ಇರಬೇಕು, ಪರಿಶಿಷ್ಟರಿಗೆ 50. ಹುಡುಗ ನನ್ನ ಹತ್ತಿರ ಬಂದು ನಿಂತ. ಅಳಲಿಲ್ಲ. "ಒಂದು ಕಡಿಮಿ ಆತ್ರಿ" ಎಂದ. ಸಮಾಜ ವಿಜ್ಞಾನದಲ್ಲಿ ನಕಾಶೆಗೆ ಬಣ್ಣ ಹಚ್ಚಲಿಲ್ಲವೆಂದು ನಾನು ಅಂಕ ಕಡಿದದ್ದು ನನಗೆ ನೆನಪಿತ್ತು. ಅವನ ಮನೆಯಲ್ಲಿ ಬಣ್ಣದ ಪೆನ್ಸಿಲು ಇರಲಿಲ್ಲ.

ಅಲ್ಲಿಂದ ಏಳನೆಯದರಲ್ಲೇ ಆ ಪರೀಕ್ಷೆಯ ಅಭ್ಯಾಸ ಶುರು. ಅದರಲ್ಲಿ ಎರಡು ಪತ್ರಿಕೆ, ತೊಂಬತ್ತು ತೊಂಬತ್ತು ಪ್ರಶ್ನೆ. ಒಂದು ಬುದ್ಧಿಶಕ್ತಿಗೆ, ಇನ್ನೊಂದು ಪಠ್ಯಕ್ಕೆ. ಬುದ್ಧಿಶಕ್ತಿಯ ಪ್ರಶ್ನೆಗಳಲ್ಲಿ ನಮ್ಮ ತಾಂಡಾದ ಮಕ್ಕಳು ನನಗಿಂತ ಮುಂದಿದ್ದರು. ಕಸೂತಿಯ ಚೌಕಗಳನ್ನು ನೋಡಿ ಬೆಳೆದವರಿಗೆ ಮುಂದಿನ ಚಿತ್ರ ಯಾವುದು ಎಂದು ಹೇಳುವುದೇನು ಕಷ್ಟ. ಒಬ್ಬ ಹುಡುಗ ಆಯ್ಕೆಯಾದ. ದಸರೆ ಮುಗಿದ ಮೇಲೆ ತಾಂಡಾ ಅರ್ಧ ಖಾಲಿಯಾಗುವ ಕಾಲ. ಕೆಲವರು ಕಬ್ಬು ಕಡಿಯಲು, ಕೆಲವರು ಗೋವಾಕ್ಕೆ, ಮಂಗಳೂರಿಗೆ. ಅವನ ಅಪ್ಪನಿಗೆ ಸುದ್ದಿ ಹೇಳಿದೆ. "ತಿಂಗಳಿಗೆ ಐದುನೂರೇನ್ರಿ? ಗೋವಾದಾಗ ಇಂವ ಎರಡು ದಿನಕ್ಕ ಗಳಸ್ತಾನ." ಸೋತೆ. ಲೆಕ್ಕದಲ್ಲಿ ಅವನದೇ ಸರಿ. ಕೊನೆಗೆ ಮಾತಾಡಿದ್ದು ಹುಡುಗನ ಅಜ್ಜಿ, ಲಂಬಾಣಿಯಲ್ಲಿ. ನನಗೆ ಅರ್ಥವಾಗಲಿಲ್ಲ, ಆದರೆ ಅಪ್ಪ ಮಾರನೇ ದಿನ ಇಬ್ಬರನ್ನೂ ಬಿಟ್ಟು ಹೋದ, ಅಜ್ಜಿಯನ್ನೂ ಹುಡುಗನನ್ನೂ. ಅವನೀಗ ಡಿಪ್ಲೊಮಾ ಮಾಡಿ ಹುಬ್ಬಳ್ಳಿಯಲ್ಲಿದ್ದಾನೆ.

ಎಲ್ಲ ಕಥೆಯೂ ಹೀಗೆ ಮುಗಿಯಿತೆಂದು ತಿಳಿಯಬೇಡಿ. ನಾನು ಮೂರು ಸಲ ಮನೆಗೆ ಹೋಗಿ ಎಳೆದು ತಂದು ಹೈಸ್ಕೂಲಿಗೆ ಕೂರಿಸಿದ ಒಬ್ಬ ಒಂಬತ್ತನೆಯದರಲ್ಲಿ ಮತ್ತೆ ಬಿಟ್ಟು ಓಡಿದ. ಈಗ ಅವನದು ಸ್ವಂತ ಜೆಸಿಬಿ. ಸಿಕ್ಕಾಗ ಚಹಾ ಕುಡಿಸುತ್ತಾನೆ, ಬಿಲ್ಲು ಕೊಡಲು ಬಿಡುವುದಿಲ್ಲ. "ಸರ, ನೀವು ಬಾಳ ತ್ರಾಸ ತಗೊಂಡ್ರಿ ನನ್ನ ಸಲುವಾಗಿ" ಎನ್ನುತ್ತಾನೆ. ಅದು ಕೃತಜ್ಞತೆಯೋ ಚೇಷ್ಟೆಯೋ ನನಗೆ ಇನ್ನೂ ಬಗೆಹರಿದಿಲ್ಲ.

ಶಾಲೆಯ ಗೋಡೆಯ ಮೇಲೆ ನಾನು ಒಂದು ಅಂಕಿ ಬರೆಸಿದ್ದೆ: 625. ಕೆಳಗೆ ಆರು ಗೆರೆ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಮುಂದೆ ಆ ನೂರು ಬರವಣಿಗೆಗೆ 80, ಆಂತರಿಕಕ್ಕೆ 20 ಎಂದಾದಾಗ ಮತ್ತೆ ಬರೆಸಿದೆ. ಏಳನೆಯ ಮಕ್ಕಳಿಗೆ ಹತ್ತನೆಯ ಲೆಕ್ಕ ಯಾಕೆ ಎಂದು ಇನ್ಸ್‌ಪೆಕ್ಟರೊಬ್ಬರು ಕೇಳಿದರು. ಊರಲ್ಲಿ ಎಸ್ಸೆಸ್ಸೆಲ್ಸಿ ಎಂದರೆ ಗಾಳಿಯಲ್ಲಿನ ಒಂದು ದೆವ್ವ. ಫೇಲಾದವರ ಕಥೆ ಎಲ್ಲರಿಗೂ ಗೊತ್ತು, ಅದರೊಳಗೆ ಏನಿರುತ್ತದೆ ಗೊತ್ತಿಲ್ಲ. ದೆವ್ವಕ್ಕೆ ಕೈ ಎಷ್ಟು, ಕಾಲು ಎಷ್ಟು ಎಂದು ಎಣಿಸಿ ತೋರಿಸಿದರೆ ಅರ್ಧ ಭಯ ಹೋಗುತ್ತದೆ ಎಂದು ಹೇಳಿದೆ. ಅವರು ತಲೆಯಾಡಿಸಿ ಬಿಸಿಯೂಟದ ಅಕ್ಕಿ ನೋಡಲು ಹೋದರು.

ಆಗಸ್ಟಿನಲ್ಲಿ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ ಹೈಸ್ಕೂಲಿಗೆ ಹೋಗಿ ನನ್ನ ಹಳೆಯ ಮಕ್ಕಳ ತಲೆ ಎಣಿಸುತ್ತಿದ್ದೆ. ಈ ಮಕ್ಕಳು ಈಗ ನಿಮ್ಮವರಲ್ಲ ಎಂದು ಯಾರಾದರೂ ಹೇಳಿಯಾರೆಂಬ ಅಳುಕು ಪ್ರತಿ ಸಲವೂ ಇರುತ್ತಿತ್ತು. ನಡುವೆ ಆರು ವರ್ಷ ಪಕ್ಕದ ಊರಿಗೆ ವರ್ಗವಾಗಿ, ಮತ್ತೆ ಇದೇ ಊರಿಗೆ ಕೇಳಿಕೊಂಡು ಬಂದೆ.

2023ರ ಏಪ್ರಿಲ್ ನನ್ನ ಕೊನೆಯದು. ಆ ವರ್ಷ ಐದು ಮತ್ತು ಎಂಟಕ್ಕೆ ಬೋರ್ಡಿನ ಮೌಲ್ಯಾಂಕನ ಬೇಕೋ ಬೇಡವೋ ಎಂದು ಪ್ರಕರಣ ಹೈಕೋರ್ಟಿಗೆ ಹೋಗಿ ಎಲ್ಲರ ಬಾಯಲ್ಲೂ ಅದೇ. ನಮಗೆ ಮೇ 10ರ ವಿಧಾನಸಭಾ ಚುನಾವಣೆಯ ಡ್ಯೂಟಿ. ಮತಯಂತ್ರ ಕಾದು ಬಂದು, ಟೀಸಿಗಳ ಕಟ್ಟು ಒಯ್ಯುವುದು ತಡವಾಗಿ ಮೇ ಕೊನೆಯ ವಾರಕ್ಕೆ ಬಿತ್ತು. ಅಂದು ಬೆಳಿಗ್ಗೆ ಕಪಾಟಿನಿಂದ ಪ್ಲಾಸ್ಟಿಕ್ ಕವರುಗಳನ್ನು ತೆಗೆದು ಜೋಡಿಸುತ್ತಿದ್ದೆ. ಬಾಗಿಲಲ್ಲಿ ಇಬ್ಬರು ನಿಂತರು, ತಾಯಿ ಮಗಳು. ಮಗಳು ಆ ವರ್ಷದ ನನ್ನ ಏಳನೆಯವಳೇ. ತಾಯಿಯನ್ನು ಹದಿನೆಂಟು ವರ್ಷ ದೂರದಿಂದಲೇ ನೋಡಿದ್ದೆ. ಮಗಳ ಹೆಸರು ಹಚ್ಚಲು, ಸಭೆಗೆ, ಯಾವುದಕ್ಕೂ ಅವಳು ಬಂದಿರಲಿಲ್ಲ, ಗಂಡನನ್ನು ಕಳಿಸುತ್ತಿದ್ದಳು. ಸೆರಗು ತಲೆಯ ಮೇಲಿತ್ತು, ಆದರೆ ಮುಖ ತಿರುಗಿಸಲಿಲ್ಲ.

"ಈಕಿ ಟೀಸಿ ನೀವಾ ಒಯ್ಯಾಕತ್ತೀರಂತಲ್ರಿ. ನಾವೂ ಬರ್ತೀವಿ ಇವತ್ತ. ಹೈಸ್ಕೂಲ ನೋಡಿಲ್ಲ ನಾನು." ಕೂರಲು ಹೇಳಿದೆ. ಕೂರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೈಚೀಲದಿಂದ ರೇಶನ್ ಕಾರ್ಡಿನ ಕವರು ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದಳು. ಮಡಿಕೆಯ ಗೆರೆಯಲ್ಲಿ ಸವೆದು ಬೆಳಕು ತೂರುತ್ತಿತ್ತು. ನನ್ನ ಅಕ್ಷರ, ನೀಲಿ ಶಾಯಿ ಮಸುಕಾಗಿತ್ತು. ಜನ್ಮ ದಿನಾಂಕ 1-6-1992. ಶಾಲೆ ಬಿಡಲು ಕಾರಣ: ಮುಂದಿನ ಅಭ್ಯಾಸಕ್ಕಾಗಿ.

"ಇದು ಇನ್ನೂ ನಡೀತದೇನ್ರಿ ಸರ?"

ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟುವ ದಾರಿ ಇದೆ ಎಂದು ಹೇಳಿದೆ. ಹೈಸ್ಕೂಲಿನಲ್ಲೇ ಕೇಳೋಣ, ಅರ್ಜಿ ಯಾವಾಗ ಬಿಡುತ್ತಾರೆ, ಇದರ ಜೊತೆ ಇನ್ನೇನು ಹಚ್ಚಬೇಕು ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸುತ್ತಿತ್ತು. ಅವಳು ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ಎಷ್ಟು ವಿಷಯ ಇರ್ತಾವು?"

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಆರಬೇ. ಆರುನೂರಾ ಇಪ್ಪತ್ತೈದು ಮಾರ್ಕ್ಸು" ಎಂದಳು.

"ಇಂಗ್ಲಿಷೂ ಇರ್ತದ?"

"ಇರ್ತದ."

"ಲೆಕ್ಕ?"

"ಅದು ನಿನಗ ಬರ್ತದಲ್ಲ."

ಹೊರಗೆ ಬಸ್ಸಿನ ಹಾರ್ನು ಕೇಳಿತು. ಆ ಬಸ್ಸು ತಪ್ಪಿದರೆ ಮತ್ತೆ ಮಧ್ಯಾಹ್ನವೇ. ನಾನು ಕಟ್ಟು ಬಗಲಿಗೆ ಇರುಕಿಕೊಂಡು ಬೀಗ ಹುಡುಕುತ್ತಿರುವಾಗ ಹುಡುಗಿ ಆಗಲೇ ಅಂಗಳ ದಾಟಿ ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿ ಬಸ್ಸಿಗೆ ಅಡ್ಡ ಹಾಕಿದ್ದಳು.